ರಿವ್ಯೂ ರಾಯರ ತೇಲುಮನೆ

ಅಪ್ಪ ಅಮ್ಮ ಇಟ್ಟ ಹೆಸರು ಅವರಿಗೂ ಒಂದಿದೆ. ಆದರೆ ಅದು ಕರೆಂಟ್ ಬಿಲ್ಲಿನಲ್ಲಿ ಬಿಟ್ಟರೆ ಬೇರೆಲ್ಲೂ ಚಲಾವಣೆಯಲ್ಲಿಲ್ಲ. ಬೆಳ್ಳಂದೂರಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಗೇಟಿನ ಸೆಕ್ಯುರಿಟಿಯಿಂದ ಹಿಡಿದು ಇಸ್ತ್ರಿ ಅಂಗಡಿಯವನವರೆಗೆ ಎಲ್ಲರಿಗೂ ಅವರು ರಿವ್ಯೂ ರಾಯರು. ಈ ಹೆಸರು ಅವರ ಕಿವಿಗೂ ಬಿದ್ದಿದೆ. ಬೇಜಾರಿಲ್ಲ. ಅದಕ್ಕೂ ಮನಸ್ಸಿನಲ್ಲಿ ಮೂರೂವರೆ ಸ್ಟಾರು ಕೊಟ್ಟುಕೊಂಡಿರಬೇಕು.

ರಾಯರು ಯಾವುದನ್ನೂ ಮೊದಲು ನೋಡುವುದಿಲ್ಲ, ಓದುತ್ತಾರೆ. ಹೋಟೆಲಿನಲ್ಲಿ ಕೂತ ತಕ್ಷಣ ಮೆನು ಕಾರ್ಡು ಪಕ್ಕಕ್ಕೆ ಸರಿಸಿ ಫೋನು ತೆಗೆಯುತ್ತಾರೆ. ಐದು ಸ್ಟಾರು ಕೊಟ್ಟವರ ಮಾತನ್ನು ನಂಬುವುದಿಲ್ಲ. "ಅವರೆಲ್ಲ ಓನರ್ ಕಡೆಯೋರು ಸಾರ್. ಒಂದು ಸ್ಟಾರ್ ಕೊಟ್ಟೋನೇ ಹೊಟ್ಟೆ ಉರ್ಕೊಂಡು ಸತ್ಯ ಬರೆದಿರ್ತಾನೆ" ಎಂಬುದು ಅವರ ಸಿದ್ಧಾಂತ. ಹಾಗಾಗಿ ಓದು ಯಾವತ್ತೂ ತಳದಿಂದ ಮೇಲಕ್ಕೆ. ಹಲ್ಲಿನ ಡಾಕ್ಟರು, ಮಗನ ಕರಾಟೆ ಕ್ಲಾಸು, ರಾಗಿ ಮಿಲ್ಲು, ಸತ್ಯನಾರಾಯಣ ಪೂಜೆ ಮಾಡಿಸುವ ಪುರೋಹಿತರು ಎಲ್ಲರೂ ಈ ಪರೀಕ್ಷೆ ಪಾಸಾಗಿಯೇ ಆ ಮನೆಗೆ ಸಂಬಂಧಪಟ್ಟವರು. ಒಮ್ಮೆ ದೂರದ ಬಂಧುವೊಬ್ಬರ ಅಂತ್ಯಸಂಸ್ಕಾರ ಮುಗಿಸಿ ಬಂದವರು ಸ್ನಾನಕ್ಕೂ ಮೊದಲು ಚಿತಾಗಾರಕ್ಕೆ ನಾಲ್ಕು ಸ್ಟಾರು ಕೊಟ್ಟು, "ಸಿಬ್ಬಂದಿ ಸಹಕಾರ ಚೆನ್ನಾಗಿದೆ, ಮತ್ತೆ ಬರಲು ಆತುರವಿಲ್ಲ" ಎಂದು ಬರೆದಿದ್ದರು. "ನಮ್ಮ ಮದುವೆ ಟೈಮಲ್ಲಿ ಈ ಆ್ಯಪ್ ಬಂದಿರಲಿಲ್ಲ, ನನ್ನ ಪುಣ್ಯ" ಎನ್ನುತ್ತಾರೆ ಅವರ ಮನೆಯವರು.

ಇದು ಬರೀ ಚಟವಲ್ಲ, ಇದರಲ್ಲಿ ಬಡ್ತಿಯೂ ಉಂಟು. ಮ್ಯಾಪಿನಲ್ಲಿ ಒಂದು ರಿವ್ಯೂ ಬರೆದರೆ 10 ಪಾಯಿಂಟು, 200 ಅಕ್ಷರ ದಾಟಿದರೆ ಮೇಲೊಂದು 10, ಫೋಟೋ ಒಂದಕ್ಕೆ 5, ಮ್ಯಾಪಿನಲ್ಲಿ ಇಲ್ಲದ ಜಾಗವನ್ನು ಸೇರಿಸಿದರೆ 15. ಹೀಗೆ ಹನಿಗೂಡಿಸಿ 5,000 ದಾಟಿದವರು ಲೋಕಲ್ ಗೈಡ್ ಲೆವೆಲ್ 7. ರಾಯರು ಅಲ್ಲಿಗೆ ತಲುಪಿ ತುಂಬ ಕಾಲವಾಯಿತು. ಲೆವೆಲ್ 8ಕ್ಕೆ 15,000 ಬೇಕು. ಆಫೀಸಿನಲ್ಲಿ ಅವರಿಗೆ ಬಡ್ತಿ ತಪ್ಪಿದ ವರ್ಷ ನಮಗ್ಯಾರಿಗೂ ಗೊತ್ತೇ ಆಗಲಿಲ್ಲ. ಲೆವೆಲ್ 8 ಬಾರದ ಸಂಗತಿ ಮಾತ್ರ ಲಿಫ್ಟಿನಲ್ಲಿ ಜೊತೆಯಾದವರಿಗೆಲ್ಲ ಗೊತ್ತು.

ಇಂಥವರು ಬೆಳ್ಳಂದೂರಿನಲ್ಲಿ ಮನೆ ತೆಗೆದುಕೊಂಡದ್ದು ಹೇಗೆ ಎಂದು ಕೇಳಬಹುದು. ತೆಗೆದುಕೊಂಡಾಗ ಬ್ರೋಷರಿನಲ್ಲಿ ಕೆರೆ ನೀಲಿಯಾಗಿತ್ತು. ಬೆಂಗಳೂರಿನ ಅತಿ ದೊಡ್ಡ ಕೆರೆ, ಸುಮಾರು 900 ಎಕರೆ. ಅದು ಕಾಣುವ ಕಿಟಕಿಗೆ ಬಿಲ್ಡರು 'ಲೇಕ್ ವ್ಯೂ' ಎಂದು ಚದರಡಿಗೆ ಇಂತಿಷ್ಟು ಹೆಚ್ಚಿಗೆ ಹಾಕಿದ್ದ. ರಾಯರು ಅದನ್ನೂ ಕಟ್ಟಿದರು. ಆಮೇಲೆ ಗೃಹಪ್ರವೇಶದ ದಿನದಿಂದ ಇವತ್ತಿನವರೆಗೆ ಆ ಕಿಟಕಿ ತೆರೆದಿಲ್ಲ. ಅರ್ಧ ಊರಿನ ಕೊಳಚೆ ಇಲ್ಲಿಗೆ ಬಂದು, ಕೋಡಿಯಲ್ಲಿ ಧುಮುಕುವಾಗ ಸೋಪಿನ ಅಂಶವೆಲ್ಲ ನೊರೆಯೆದ್ದು, ಯಮಲೂರಿನ ರಸ್ತೆಯ ಮೇಲೆ ಹತ್ತಿಯ ಗುಡ್ಡೆಯಂತೆ ಹಾರಾಡಿದ್ದನ್ನು ನೀವೂ ಟಿವಿಯಲ್ಲಿ ನೋಡಿದ್ದೀರಿ. 2015ರಲ್ಲಿ ಆ ನೊರೆಗೇ ಬೆಂಕಿ ಬಿತ್ತು. 2018ರ ಜನವರಿಯಲ್ಲಿ ಕೆರೆಯ ಹುಲ್ಲಿಗೆ ಹತ್ತಿಕೊಂಡ ಬೆಂಕಿ ಆರಿಸಲು ಸೇನೆಯವರೇ ಇಳಿಯಬೇಕಾಯಿತು. ಹೀಗೆ ಮತ್ತೆ ಮತ್ತೆ ಬೆಂಕಿ ಬಿದ್ದ ಕೆರೆ ಜಗತ್ತಿನಲ್ಲಿ ಇನ್ನೆಲ್ಲಾದರೂ ಇದೆಯೇ ಎಂದು ರಾಯರು ಹುಡುಕಿದರಂತೆ. ಹೆಮ್ಮೆಯಿಂದಲೇ ಹೇಳಿದರು.

ಎರಡನೇ ಮಹಾಯುದ್ಧದ ಕಾಲದಲ್ಲಿ ಇದೇ ಕೆರೆಯ ಮೇಲೆ ಕ್ಯಾಟಲಿನಾ ವಿಮಾನಗಳು ಬಂದು ಇಳಿಯುತ್ತಿದ್ದವು. ನೀರಿನ ಮೇಲೆ ದೋಣಿಯ ಹಾಗೆ ನಿಲ್ಲುವ ವಿಮಾನಗಳು. ಪಕ್ಕದ ಹಿಂದೂಸ್ತಾನ್ ಏರ್‌ಕ್ರಾಫ್ಟಿನಲ್ಲಿ ರಿಪೇರಿ ಮಾಡಿಸಿಕೊಂಡು ಮತ್ತೆ ನೀರು ಚಿಮ್ಮಿಸಿ ಹಾರುತ್ತಿದ್ದವು. ನಾನು ಇದನ್ನು ಹೇಳಿದಾಗ ರಾಯರು ಒಂದು ಕ್ಷಣ ಕಿಟಕಿಯ ಕಡೆ ನೋಡಿ, "ಫೋಟೋ ಇದ್ರೆ ಕಳಿಸಿ ಸಾರ್, ಅಪ್‌ಲೋಡ್ ಮಾಡ್ತೀನಿ" ಎಂದರು.

ನಮ್ಮಲ್ಲಿ ತೇಲುವ ವಸತಿಯ ಅನುಭವ ಯಾರಿಗೂ ಇಲ್ಲವೆಂದಲ್ಲ. 2022ರ ಸೆಪ್ಟೆಂಬರಿನಲ್ಲಿ ಒಂದೇ ರಾತ್ರಿಯ ಮಳೆಗೆ ಹೊರವರ್ತುಲ ರಸ್ತೆ ಹೊಳೆಯಾಗಿ, ಕೋಟಿಗಟ್ಟಲೆ ಬೆಲೆಯ ವಿಲ್ಲಾಗಳಿಂದ ಜನರನ್ನು ದೋಣಿಯಲ್ಲಿ ದಾಟಿಸಿದರು. ಸಾಫ್ಟ್‌ವೇರ್ ಮಂದಿ ಲ್ಯಾಪ್‌ಟಾಪ್ ಬ್ಯಾಗು ತಲೆಯ ಮೇಲಿಟ್ಟುಕೊಂಡು ಟ್ರ್ಯಾಕ್ಟರಿನಲ್ಲಿ ಆಫೀಸಿಗೆ ಹೋದರು. ರಾಯರೂ ಹೋದರು. "ಟ್ರ್ಯಾಕ್ಟರ್ ಡ್ರೈವರ್ ವಿನಯವಂತ. ಆಸನ ವ್ಯವಸ್ಥೆ ಸುಧಾರಿಸಬೇಕು." ಇದಕ್ಕೆ ಸಿಕ್ಕಿದ್ದು 10 ಮಾತ್ರ, 200 ಅಕ್ಷರ ಆಗಲಿಲ್ಲ.

ಈ ಸಲದ ಕ್ರಿಸ್‌ಮಸ್ ರಜೆಗೆ ಎಲ್ಲಿಗೆ ಎಂಬ ಚರ್ಚೆ ಆ ಮನೆಯಲ್ಲಿ ನವರಾತ್ರಿಯಲ್ಲೇ ಶುರುವಾಗಿತ್ತು. ಮಗಳಿಗೆ ಕಾಡು ಬೇಕು, ಮಗನಿಗೆ ನೀರು ಬೇಕು, ಮನೆಯವರಿಗೆ ಅಡುಗೆ ಮಾಡದ ಜಾಗ ಯಾವುದಾದರೂ ಸರಿ. ರಾಯರ ತಾಯಿ ಸಾಗರದ ಕಡೆಯವರು, ಎಪ್ಪತ್ತೈದರ ಆಸುಪಾಸು. ಅವರು ಸೋಫಾದ ಮೂಲೆಯಿಂದ, "ಕಾಡೂ ನೀರೂ ನಮ್ಮೂರಲ್ಲೇ ಇತ್ತಲ್ಲ ಅಪ್ಪಿ. ಶರಾವತಿ ಹಿನ್ನೀರು ಕಣ್ಣು ಹಾಯಿಸುವಷ್ಟು ದೂರ ಇದೆ. ಈಗ ಸಿಗಂದೂರಿಗೆ ಸೇತುವೆನೂ ಆಯ್ತಂತೆ" ಎಂದರು. ರಾಯರು ಫೋನಿನಿಂದ ತಲೆ ಎತ್ತದೆ, "ಅಲ್ಲಿಗೆ ರಿವ್ಯೂ ಸಾಲ್ದು ಅಮ್ಮ" ಎಂದು ಆ ಅಧ್ಯಾಯ ಮುಗಿಸಿದರು. ಥಾಯ್ಲೆಂಡಿನವರು 2023ರ ನವೆಂಬರಿನಲ್ಲಿ ನಮ್ಮವರಿಗೆ ವೀಸಾ ಬೇಡ ಎಂದದ್ದೇ ತಡ, ಬೆಳ್ಳಂದೂರಿಗೆ ಫುಕೆಟ್ ಎಂದರೆ ಮೈಸೂರಿಗಿಂತ ಸ್ವಲ್ಪ ಆಚೆ ಎನ್ನುವಂತಾಗಿದೆ. ಫುಕೆಟ್‌ಗೆ ಎಲ್ಲರೂ ಹೋಗುತ್ತಾರೆ, ಅಲ್ಲಿ ಬರೆಯಲು ಏನೂ ಉಳಿದಿಲ್ಲ. ರಾಯರು ಹುಡುಕಿ ತೆಗೆದದ್ದು ಅಲ್ಲಿಂದ ವ್ಯಾನಿನಲ್ಲಿ ಮೂರು ಗಂಟೆ ಒಳಗಿರುವ ಖಾವೊ ಸೊಕ್ ಕಾಡನ್ನು. ಅದರ ನಡುವೆ ಚಿಯೋ ಲಾನ್ ಎಂಬ ಸರೋವರ, ಸರೋವರದ ಮೇಲೆ ತೇಲುವ ಬಿದಿರ ಮನೆಗಳು.

ಸಂಶೋಧನೆ ಶುರುವಾಯಿತು. ಒಂದು ಸ್ಟಾರಿನ ರಿವ್ಯೂಗಳನ್ನು ಲಿಫ್ಟಿನಲ್ಲಿ ಕಂತು ಕಂತಾಗಿ ನಮಗೂ ಓದಿ ಹೇಳಿದರು. ಕಾಡಿನಲ್ಲಿ ಹುಳ ಇವೆ ಎಂದು ಯುರೋಪಿನ ಯಾರೋ ದೂರಿದ್ದ. ರಾತ್ರಿ ಅಲೆಗೆ ಮಂಚ ಅಲ್ಲಾಡಿತು, ಮನೆ ಭದ್ರವಾಗಿ ನೆಲದ ಮೇಲೆ ಕಟ್ಟಬೇಕಿತ್ತು ಎಂದು ಇನ್ನೊಬ್ಬಳು ಸಲಹೆ ಕೊಟ್ಟಿದ್ದಳು. ಕೋತಿ ಚಿಪ್ಸ್ ಕದ್ದಿತು, ಮ್ಯಾನೇಜ್‌ಮೆಂಟ್ ಕೋತಿಯ ಮೇಲೆ ಯಾವ ಕ್ರಮವನ್ನೂ ಕೈಗೊಳ್ಳಲಿಲ್ಲ ಎಂದು ಮತ್ತೊಬ್ಬ. ಇವುಗಳ ಮಧ್ಯೆ ಒಂದು ನಿಜವಾಗಿ ಗಂಭೀರವಾದದ್ದೂ ರಾಯರ ಕಣ್ಣಿಗೆ ಬಿತ್ತು. ಅಲ್ಲಿನ ನಾಮ್ ತಾಲು ಎಂಬ ಗುಹೆಗೆ 2007ರಲ್ಲಿ ದಿಢೀರನೆ ಮಳೆ ನೀರು ನುಗ್ಗಿ ಪ್ರವಾಸಿಗರು ಸತ್ತಿದ್ದರು. ಆ ಗುಹೆಯನ್ನು ಪಟ್ಟಿಯಿಂದ ಹೊಡೆದು ಹಾಕಿದರು. ಅದೊಂದು ಸರಿಯಾದ ನಿರ್ಧಾರ. ತಳದಿಂದ ಓದುವ ಅಭ್ಯಾಸಕ್ಕೆ ಅಷ್ಟಾದರೂ ಗೌರವ ಕೊಡಬೇಕು.

ಊಟದ ವಿಷಯದಲ್ಲಿ ಮಾತ್ರ ಯಾವ ರಿವ್ಯೂ ಕೂಡ ಧೈರ್ಯ ತುಂಬಲಿಲ್ಲ. ಅಲ್ಲಿ ಬದನೆಕಾಯಿ ಪಲ್ಯಕ್ಕೂ ಮೀನಿನ ಸಾಸ್ ಬೀಳುತ್ತದೆ. 'ಜೇ' ಎಂದರೆ ಅಪ್ಪಟ ಸಸ್ಯಾಹಾರ ಎಂದು ಮಗಳು ಕಲಿತುಕೊಂಡಳು. ಆಮೇಲೆ ರಾಯರು ಏರ್‌ಪೋರ್ಟ್ ತಲುಪುವವರೆಗೆ 'ಜೇ ಜೇ' ಎಂದು ಜಪ ಮಾಡುತ್ತ ಹೋದರಂತೆ. ಆದರೂ ಭದ್ರತೆಗೆಂದು ಗೊಜ್ಜವಲಕ್ಕಿ, ಚಟ್ನಿಪುಡಿ, ಬಿಸಿನೀರು ಹಾಕಿದರೆ ಉಪ್ಪಿಟ್ಟಾಗುವ ಪೊಟ್ಟಣಗಳು, ಒಂದು ಎಲೆಕ್ಟ್ರಿಕ್ ಕುಕ್ಕರು ಸೂಟ್‌ಕೇಸಿಗೆ ಹೋದವು. ಹಗಲು ಹೊತ್ತಿನಲ್ಲಿ ತೇಲುಮನೆಗೆ ಕರೆಂಟೇ ಇರುವುದಿಲ್ಲ, ಕತ್ತಲಾದ ಮೇಲೆ ಜನರೇಟರು ಹಾಕುತ್ತಾರೆ ಎಂಬ ಮಾಹಿತಿ ನಾಲ್ಕು ಸ್ಟಾರಿನ ರಿವ್ಯೂ ಒಂದರಲ್ಲಿತ್ತು. ರಾಯರು ಅಷ್ಟು ಮೇಲಕ್ಕೆ ಓದುವುದಿಲ್ಲ. ಅಜ್ಜಿ ಯಾರನ್ನೂ ಕೇಳದೆ ಒಂದು ಬಾಟಲಿ ಅಪ್ಪೆಮಿಡಿ ಉಪ್ಪಿನಕಾಯಿಯನ್ನು ಸೀರೆಯಲ್ಲಿ ಸುತ್ತಿ ಒಳಗಿಟ್ಟರು.

ಪ್ರಯಾಣದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಇಬ್ಬಲೂರಿನಿಂದ ಹೆಬ್ಬಾಳ ದಾಟಿ ದೇವನಹಳ್ಳಿ ಸೇರುವಷ್ಟರಲ್ಲಿ ಮನೆಯವರಿಗೆ ಅರ್ಧ ರಜೆ ಮುಗಿದಂತೆ ಅನಿಸಿತಂತೆ. ಅಲ್ಲಿಂದ ಫುಕೆಟ್‌ಗೆ ನಾಲ್ಕೇ ಗಂಟೆ. ಕಾಡಿನ ಬಾಗಿಲಲ್ಲಿ ಒಂದು ಸಣ್ಣ ರಂಪವಾಯಿತು. ವಿದೇಶಿಯರಿಗೆ ತಲೆಗೆ 300 ಬಾತ್, ಥಾಯ್ ಜನಕ್ಕೆ ಬಹಳ ಕಡಿಮೆ. ರಾಯರು ಕೌಂಟರಿನ ಮುಂದೆ ನಿಂತು ಒಂದು ಸ್ಟಾರಿನ ವಾಕ್ಯಗಳನ್ನು ಮನಸ್ಸಿನಲ್ಲೇ ಕಟ್ಟತೊಡಗಿದಾಗ ಒಂಬತ್ತನೇ ಕ್ಲಾಸಿನ ಮಗಳು, "ಅಪ್ಪಾ, ಹಂಪಿಯಲ್ಲಿ ನಮಗೆ 40 ರೂಪಾಯಿ, ಫಾರಿನರ್ಸ್‌ಗೆ 600. ಆವಾಗ ನೀವು ಐದು ಸ್ಟಾರ್ ಕೊಟ್ಟಿದ್ರಿ" ಎಂದಳು. ರಾಯರು ದುಡ್ಡು ಕೊಟ್ಟರು.

ಇನ್ನು ಮುಂದಿನದನ್ನು ನಾನು ಮೂವರಿಂದ ಬೇರೆ ಬೇರೆಯಾಗಿ ಕೇಳಿದ್ದೇನೆ. ಮೂವರೂ ಒಂದೇ ಜಾಗಕ್ಕೆ ಹೋಗಿದ್ದರು ಎನ್ನುವುದಕ್ಕೆ ಪಾಸ್‌ಪೋರ್ಟಿನ ಮುದ್ರೆ ಬಿಟ್ಟರೆ ಬೇರೆ ಸಾಕ್ಷಿ ಇಲ್ಲ.

ರಾಯರ ಪ್ರಕಾರ ಅದೊಂದು ದುರಂತ. ಉದ್ದ ಬಾಲದ ದೋಣಿ ಹತ್ತುವವರೆಗೆ ಫೋನಿನಲ್ಲಿ ನಾಲ್ಕು ಕಡ್ಡಿ ಇದ್ದವು. ವಾಹನದ ಇಂಜಿನ್ನಿಗೆ ಮಾರುದ್ದದ ಸರಳು ಸಿಕ್ಕಿಸಿ ತುದಿಗೆ ರೆಕ್ಕೆ ಕಟ್ಟಿದ ಆ ದೋಣಿ ಕಿವಿ ಹರಿಯುವ ಸದ್ದಿನಲ್ಲಿ ಹೊರಟು, ಸುಣ್ಣಕಲ್ಲಿನ ಮೊದಲ ದೊಡ್ಡ ಬಂಡೆಯ ತಿರುವಿಗೆ ಬರುವಷ್ಟರಲ್ಲಿ ಎರಡು ಕಡ್ಡಿ, ಆಮೇಲೆ ಒಂದು, ಆಮೇಲೆ ಅದೂ ಇಲ್ಲ. ನೀರಿನಿಂದ ನೆಟ್ಟಗೆ ಎದ್ದು ನಿಂತ ನೂರಾರು ಅಡಿಯ ಬಂಡೆಗಳು, ಅವುಗಳ ನೆತ್ತಿಗೆ ಕಾಡು, ಹಸಿರು ನೀರು. ಎಲ್ಲರೂ ಮೇಲೆ ನೋಡುತ್ತಿದ್ದರು, ರಾಯರು ಅಂಗೈ ನೋಡುತ್ತಿದ್ದರು. ತೇಲುಮನೆ ತಲುಪಿದ ಮೇಲೆ ಬಿದಿರ ಕಾಲುದಾರಿಯ ಈ ತುದಿಯಿಂದ ಆ ತುದಿಗೆ ಫೋನು ಎತ್ತಿ ಹಿಡಿದು ನಡೆದರು. ಅವರು ನಡೆದ ಕಡೆಯೆಲ್ಲ ಸಾಲುಮನೆಗಳು ಒಂದೊಂದಾಗಿ ತೂಗಿದವು. ಒಳಗೆ ಮಲಗಿದ್ದವರು ಹೊರಗೆ ಬಂದು ಯಾರೆಂದು ನೋಡಿದರು. "ನೋಡಿದ್ದನ್ನ ಹೇಳ್ಕೊಳ್ಳೋಕೆ ಆಗದಿದ್ರೆ ನೋಡಿ ಏನು ಬಂತು ಸಾರ್?" ಎಂದು ನನ್ನನ್ನು ಕೇಳಿದರು. ಪ್ರಶ್ನೆ ನಗುವಂಥದ್ದೇನಲ್ಲ. ಪ್ರವಾಸಕಥನ ಬರೆದವರೆಲ್ಲ ಒಳಗೊಳಗೆ ಇದನ್ನೇ ಕೇಳಿಕೊಂಡಿರುತ್ತಾರೆ. ಅವರು ಅಂಗೈ ನೋಡುತ್ತಿರಲಿಲ್ಲ ಅಷ್ಟೆ.

ಸಂಜೆ ಪಕ್ಕದ ಕೋಣೆಯಿಂದ "ನೀವು ಬೆಂಗಳೂರಾ?" ಎಂಬ ದನಿ ಬಂತು. ಸರ್ಜಾಪುರ ರಸ್ತೆಯವರು. ರಾಯರ ಮುಖಕ್ಕೆ ಕಳೆ ಬಂತು. 185 ಚದರ ಕಿಲೋಮೀಟರಿನ ಸರೋವರದ ಮೇಲೆ ಕಾಲು ಇಳಿಬಿಟ್ಟು ಕೂತು ಇಬ್ಬರೂ ರಾತ್ರಿ ಊಟದವರೆಗೆ ನೀರಿನ ಟ್ಯಾಂಕರ್ ರೇಟಿನ ಬಗ್ಗೆ ಮಾತಾಡಿದರು. ಯಾವ ಅಪಾರ್ಟ್‌ಮೆಂಟಿನ ಬೋರ್‌ವೆಲ್ ಬತ್ತಿದೆ, ಯಾರ ಎಸ್‌ಟಿಪಿ ವಾಸನೆ ಹೊಡೆಯುತ್ತದೆ, ನೀಲಿ ಲೈನ್ ಮೆಟ್ರೋ ಬಂದರೆ ಚದರಡಿಗೆ ಎಷ್ಟು ಏರಬಹುದು. ಹಾರ್ನ್‌ಬಿಲ್ ಜೋಡಿಯೊಂದು ರೆಕ್ಕೆಯ ಸದ್ದು ಕೇಳುವಷ್ಟು ತಗ್ಗಿನಲ್ಲಿ ಹಾದುಹೋಯಿತಂತೆ. ಮಗ ಹೇಳಿದ್ದು.

ಮನೆಯವರ ಪ್ರಕಾರ ಅದು ಸ್ವರ್ಗ. ಪ್ರತಿ ಕೋಣೆಯ ಮುಂದೂ ಒಂದೊಂದು ಕಯಾಕ್ ಕಟ್ಟಿರುತ್ತಾರೆ. ಬೆಳಗಿನ ಜಾವ ಬಂಡೆಗಳ ಆಚೆ ಗಿಬ್ಬನ್‌ಗಳು ಉದ್ದಕ್ಕೆ ರಾಗ ಎಳೆಯತೊಡಗಿದಾಗ ಅವರು ಎದ್ದು, ಲೈಫ್ ಜಾಕೆಟ್ ತೊಟ್ಟು, ಮಗಳನ್ನು ಮುಂದೆ ಕೂರಿಸಿಕೊಂಡು ಹುಟ್ಟು ಹಾಕುತ್ತಾ ಮಂಜಿನೊಳಗೆ ಹೋಗಿಬಿಟ್ಟರು. ಮದುವೆಯಾದ ಮೇಲೆ ಮೊದಲ ಸಲ ಎಲ್ಲಿಗೆ ಹೋಗುತ್ತೇನೆ ಎಂದು ಯಾರಿಗೂ ಹೇಳದೆ ಹೋದದ್ದಂತೆ. ಹೇಳಬೇಕೆಂದರೂ ಸಿಗ್ನಲ್ ಇರಲಿಲ್ಲವಲ್ಲ. "ವಾಪಸ್ ಬಂದಾಗ ಇವರು ದಡದಲ್ಲಿ ನಿಂತು, ಗಿಬ್ಬನ್ ಗಲಾಟೆಗೆ ನಿದ್ದೆ ಆಗ್ಲಿಲ್ಲ ಅಂತ ಮ್ಯಾನೇಜರ್‌ಗೆ ಕಂಪ್ಲೇಂಟ್ ಮಾಡ್ತಿದ್ರು" ಎಂದು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಹೆಚ್ಚೇನೂ ಹೇಳಲಿಲ್ಲ. ಅವರ ಬಳಿ ಒಂದು ಫೋಟೋ ಕೂಡ ಇಲ್ಲ.

ಅಜ್ಜಿಯದು ಬೇರೆಯೇ ಕಥೆ. ದೋಣಿ ಸಾಗುವಾಗ ಒಂದು ಕೊಲ್ಲಿಯಲ್ಲಿ ಸತ್ತ ಮರಗಳ ತುದಿಗಳು ನೀರಿನ ಮೇಲೆ ಬೆಳ್ಳಗೆ ನಿಂತಿದ್ದವು. ಅವನ್ನು ನೋಡಿದ್ದೇ ಅಜ್ಜಿ ಗೈಡಿನ ತೋಳು ಹಿಡಿದು ಕನ್ನಡದಲ್ಲೇ ಕೇಳಿದರು: "ಇದರಡಿಗೆ ಯಾರ ಊರಿತ್ತು ಮಾರಾಯ?"

ಮೊಮ್ಮಗಳು ಇಂಗ್ಲಿಷಿಗೆ ತಿರುಗಿಸಿದಳು. ನೂರಾರು ಪ್ರವಾಸಿಗರನ್ನು ನೋಡಿದ ಗೈಡು ದೋಣಿಯ ವೇಗ ತಗ್ಗಿಸಲು ಹೇಳಿ, ಅಜ್ಜಿಯ ಎದುರು ಬಂದು ಕುಕ್ಕರುಗಾಲಿನಲ್ಲಿ ಕೂತ. ಇದು ದೇವರು ಮಾಡಿದ ಸರೋವರವಲ್ಲ. 1982ರಿಂದ 1987ರವರೆಗೆ 94 ಮೀಟರ್ ಎತ್ತರದ ಅಣೆಕಟ್ಟು ಕಟ್ಟಿ, ಕರೆಂಟು ತೆಗೆಯಲು ಕಣಿವೆಯನ್ನು ಮುಳುಗಿಸಿದ್ದು. ಚಿಯೋ ಲಾನ್ ಎಂಬುದು ಕೆಳಗಿದ್ದ ಊರಿನ ಹೆಸರು. ನೀರು ಏರುತ್ತಾ ಬೆಟ್ಟದ ತುದಿಗಳು ದ್ವೀಪಗಳಾದಾಗ ಪ್ರಾಣಿಗಳು ಅಲ್ಲಲ್ಲೇ ಸಿಕ್ಕಿಬಿದ್ದವು. ಸೂಬ್ ನಾಖಸಾಥಿಯನ್ ಎಂಬ ಅರಣ್ಯಾಧಿಕಾರಿ ತಂಡ ಕಟ್ಟಿಕೊಂಡು ದೋಣಿಯಲ್ಲಿ ಅಲೆದು 1,364 ಪ್ರಾಣಿಗಳನ್ನು ಹಿಡಿದು ತಂದ, ಅವುಗಳಲ್ಲೂ ಎಷ್ಟೋ ಉಳಿಯಲಿಲ್ಲ.

ಅಜ್ಜಿ ಎಲ್ಲವನ್ನೂ ಕೇಳಿ, "ಹಾಂ, ಹೀಂಗೇ" ಎಂದರು. 1964ರಲ್ಲಿ ಲಿಂಗನಮಕ್ಕಿ ಕಟ್ಟೆ ನಿಂತು ಕರೂರು ಹೋಬಳಿಯ ತಗ್ಗೆಲ್ಲ ಮುಳುಗಡೆಯಾದಾಗ ಅವರು ಲಂಗ ಹಾಕುವ ಹುಡುಗಿ. ಹಾವುಗಳು ಅಡಿಕೆ ಮರದ ಸುಳಿಗೆ ಸುತ್ತಿಕೊಂಡದ್ದನ್ನು, ತಂದೆ ಬಾಗಿಲುವಾಡ ಕಿತ್ತು ಗಾಡಿಗೆ ಹೇರಿದ್ದನ್ನು ಹೇಳಿದರು. ಮೊಮ್ಮಗಳು ಎರಡೂ ಕಡೆ ಮಾತು ದಾಟಿಸಿದಳು. ಅವಳಿಗೆ ತನ್ನ ಅಜ್ಜಿಯ ಊರು ಮುಳುಗಿದ ಸಂಗತಿ ಗೊತ್ತಾದದ್ದೂ ಅಲ್ಲೇ, ಇನ್ನೊಬ್ಬರ ಮುಳುಗಿದ ಊರಿನ ಮೇಲೆ. ರಾಯರು ದೋಣಿಯ ಮೂತಿಯಲ್ಲಿ ನಿಂತು ಆಗ ಕಡ್ಡಿ ಹುಡುಕುತ್ತಿದ್ದರು.

ತೇಲುಮನೆಯ ಅಡುಗೆಯಾಕೆಗೆ ಅಜ್ಜಿ ಅಪ್ಪೆಮಿಡಿಯ ರುಚಿ ತೋರಿಸಿದರಂತೆ. ಹಸಿ ಮಾವಿನಕಾಯಿಗೆ ಉಪ್ಪು-ಖಾರ ಹಚ್ಚಿ ತಿನ್ನುವ ದೇಶ ಅದು, ಹೇಳಿಕೊಡಬೇಕಾಗಲಿಲ್ಲ. ಆಕೆ ಒಂದು ಮಿಡಿ ಚೀಪಿ ಕಣ್ಣು ಮುಚ್ಚಿದಳು, ಮತ್ತೆ ಕೈ ಒಡ್ಡಿದಳು. ಬಾಟಲಿ ಅಲ್ಲೇ ಉಳಿಯಿತು. "ಅವಳು ಏನೋ ಹೇಳಿದಳು, ನಂಗೆ ಅರ್ಥ ಆಗ್ಲಿಲ್ಲ. ಆದ್ರೆ ನಿಮ್ಮ ರಾಯರು ಬರೀತಾರಲ್ಲ, ಅದಕ್ಕಿಂತ ಚೊಲೋ ಇತ್ತು" ಎಂದರು ನನಗೆ.

ಮರಳಿ ದೋಣಿಕಟ್ಟೆ ಮುಟ್ಟಿದಾಗ ರಾಯರ ಫೋನು ಜೀವ ಪಡೆಯಿತು. ಕೂಡಿಟ್ಟಿದ್ದ ಬರಹಗಳು, ಫೋಟೋಗಳೆಲ್ಲ ಒಟ್ಟಿಗೆ ನುಗ್ಗಿ ಫೋನು ಕೈ ಸುಡುವಷ್ಟು ಬಿಸಿಯಾಯಿತು. ಸರೋವರಕ್ಕೆ ನಾಲ್ಕು ಸ್ಟಾರು. ಆಳ ಎಷ್ಟೆಂದು ಫಲಕ ಇಲ್ಲದ್ದಕ್ಕೆ ಒಂದು ಕಡಿತ. ಗಿಬ್ಬನ್‌ಗಳಿಗೆ ಪ್ರತ್ಯೇಕ ಪುಟ ಇಲ್ಲದ್ದರಿಂದ ತೇಲುಮನೆಯ ಖಾತೆಯಲ್ಲೇ ಅವಕ್ಕೂ ಎರಡು ಸಾಲು ಬಿತ್ತು. ಒಂದೇ ಗಂಟೆಯಲ್ಲಿ ಇಷ್ಟೊಂದು ಬರೆದದ್ದು ಮನುಷ್ಯನೋ ಯಂತ್ರವೋ ಎಂಬ ಅನುಮಾನ ಆ ಆ್ಯಪಿಗೆ ಬಂದು, ಅರ್ಧಕ್ಕರ್ಧ ತಡೆಹಿಡಿಯಿತಂತೆ. ಆ ವಾರ ಲಿಫ್ಟಿನಲ್ಲಿ ರಾಯರು ಯಾರ ಜೊತೆಗೂ ಮಾತಾಡಲಿಲ್ಲ. ಕರೆಂಟು ಹೋಗಿ ಲಿಫ್ಟು ಜನರೇಟರಿಗೆ ಬದಲಾಗುವ ಆ ಎರಡು ಕ್ಷಣ ಕತ್ತಲಲ್ಲಿ ಅಜ್ಜಿ ಮಾತ್ರ, "ನಮ್ಮನೆ ಮುಳುಗಿಸಿದ್ದು ಇದಕ್ಕೇ ಮಾರಾಯ್ರೆ, ಇದೂ ನೆಟ್ಟಗೆ ಇರೋದಿಲ್ಲ" ಎಂದರು.

ಮೊನ್ನೆ ಭಾನುವಾರ ಮಕ್ಕಳ ಪಾರ್ಕಿನ ಕಲ್ಲುಬೆಂಚಿನ ಮೇಲೆ ತಾಯಿ ಮಗ ತಲೆಗೆ ತಲೆ ತಾಗಿಸಿ ಫೋನಿನಲ್ಲಿ ಏನನ್ನೋ ನೋಡುತ್ತಿದ್ದರು. ಮ್ಯಾಪಿನಲ್ಲಿ ಇಲ್ಲದ ಜಾಗ ಸೇರಿಸಿದರೆ 15 ಎಂಬುದು ರಾಯರಿಗೆ ನೆನಪಾಗಿತ್ತು. ಪರದೆಯ ತುಂಬ ಶರಾವತಿ ಹಿನ್ನೀರಿನ ನೀಲಿ. ಅಜ್ಜಿಯ ಬೆರಳು ಕಳಸವಳ್ಳಿ ದಡದಿಂದ ಹೊರಟು, ಲಾಂಚು ಹೋಗುತ್ತಿದ್ದ ಹಾದಿ ಬಿಟ್ಟು, ನೀರೊಳಗಿನ ಹಳೆಯ ಹಿರೇಭಾಸ್ಕರ ಕಟ್ಟೆ ಇರುವ ದಿಕ್ಕಿಗೆ ತಿರುಗಿ, ಎಲ್ಲೂ ಅಲ್ಲದ ಒಂದು ಕಡೆ ನಿಂತಿತು. "ಇಲ್ಲಿ. ಇಲ್ಲೇ ಹಲಸಿನ ಮರ, ಅದರ ಪಕ್ಕ ಕೊಟ್ಟಿಗೆ."

ರಾಯರು ಪಿನ್ ಇಟ್ಟರು. ಹೆಸರು ಬರೆದರು. ಜಾಗದ ಬಗೆ ಯಾವುದು ಎಂದು ಅದು ಕೇಳಿತು. ಹೋಟೆಲು, ಅಂಗಡಿ, ದೇವಸ್ಥಾನ, ಪೆಟ್ರೋಲ್ ಬಂಕು. ತವರುಮನೆ ಎಂಬುದು ಪಟ್ಟಿಯಲ್ಲಿರಲಿಲ್ಲ. ಏನೋ ಒಂದನ್ನು ಒತ್ತಿ ಮುಂದೆ ಹೋದರು. ಮುಂದಿನ ಸಾಲು ತೆರೆದಿರುವ ಸಮಯದ್ದು. ರಾಯರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಶಾಶ್ವತವಾಗಿ ಮುಚ್ಚಿದೆ ಅಂತ ಹಾಕ್ಲಾ ಅಮ್ಮ?" ಎಂದರು.

"ಎಂತ ಮುಚ್ಚೋದು?" ಎಂದರು ಅಜ್ಜಿ. "ಮಳೆ ಕಮ್ಮಿಯಾದ ವರ್ಷ, ಬೇಸಿಗೇಲಿ ತೆರೀತದೆ ಅಂತ ಬರಿ."